ತಡೆದು ಬರುವ ಮಾತು

ಗುಂಜಿ,
ಮಂಗಳವಾರ

ಅನಿಕೇತ ಅವರಿಗೆ ಸುಹಾಸಿನಿಯ ಜೈ ಜಿನೇಂದ್ರ.

ಶಹಾಪುರದ ನಿಮ್ಮ ಅಂಗಡಿಗೆ ನಮ್ಮ ಮನೆಯವರ ಕೈಯಲ್ಲಿ ಕಂಪ್ಯೂಟರ್ ಕಳಿಸಿದ್ದೇನೆ. ಲಿನಕ್ಸ್ ಹಾಕಿಕೊಡುವಾಗ, "ಇದರಾಗ ಫೈಲ್ ತುಂಡ ಆಗೂದಿಲ್ರಿ ಅಕ್ಕಾರ, ಚಿಂತಿ ಬಿಡ್ರಿ" ಎಂದವರು ನೀವೇ. ವಿಡಿಯೋ ನಡುನಡುವೆ ಯಾಕೆ ನಿಲ್ಲುತ್ತದೆ ಎಂದು ಮೊನ್ನೆ ಫೋನಿನಲ್ಲಿ ಕೇಳಿದರೆ, "ಡಿಸ್ಕ್ ಪೂರಾ ತುಂಬೈತ್ರಿ. ಒಂದ ಕಡೆ ಜಾಗಾ ಸಿಗದ ತುಂಡತುಂಡ ಆಗಿ ಕುಂತಾವು. ಬ್ಯಾಡಾಗಿದ್ದು ತಗೀರಿ" ಎಂದಿರಿ.

ತುಂಬಿರುವುದೆಲ್ಲ ನಮ್ಮ ಮಗಳು ಶೀತಲಳ ವಿಡಿಯೋ. ಹೋದ ಚೈತ್ರದಿಂದ ಹೊಸದೊಂದೂ ಸೇರಿಲ್ಲ, ಇನ್ನು ಸೇರುವುದೂ ಇಲ್ಲ. ಅದರಲ್ಲಿ ಯಾವುದನ್ನು ಬೇಡ ಎನ್ನಲಿ?

ಎಲ್ಲವನ್ನೂ ದೊಡ್ಡ ಡಿಸ್ಕಿಗೆ ನಕಲು ಮಾಡಿಕೊಡಿ. ಹಾಗೆ ಮಾಡಿದರೆ ತುಂಡುಗಳು ಕೂಡುತ್ತವೆ, ವಿಡಿಯೋ ನಡುನಡುವೆ ನಿಲ್ಲುವುದಿಲ್ಲ ಎಂದಿರಿ. ಆಮೇಲೂ ತಡೆದರೆ ಆ ಫೈಲೇ ಕೆಟ್ಟಿರುತ್ತದೆ, ತೆಗೆದುಬಿಡುತ್ತೇನೆ ಎಂದೂ ಅಂದಿರಿ. ಅದಕ್ಕೇ ಈ ಚೀಟಿ.

ಬಸದಿಯ ಮುಂದೆ ತೆಗೆದದ್ದು ಒಂದಿದೆ. ಹಳದಿ ಲಂಗ ಉಟ್ಟಿದ್ದಾಳೆ. ಅದರಲ್ಲಿ ಅವಳು, "ಅ... ಅ... ಅಪ್ಪಾ, ನ... ನನ್ನ ನೋಡ" ಎನ್ನುತ್ತಾಳೆ. ಹೊಸ ಡಿಸ್ಕಿನಲ್ಲೂ ಅದು ಹಾಗೆಯೇ ತಡೆಯುತ್ತದೆ. ದಯವಿಟ್ಟು ತೆಗೆಯಬೇಡಿ. ಅದು ಫೈಲ್ ಕೆಟ್ಟದ್ದಲ್ಲ, ನಮ್ಮ ಹುಡುಗಿ ಮಾತಾಡುತ್ತಿದ್ದುದೇ ಹಾಗೆ.

ಇನ್ನೊಂದು ಮಾತು. ಮನೆಯವರಿಗೆ ಬುತ್ತಿ ಕಟ್ಟಿಕೊಟ್ಟಿದ್ದೇನೆ. ಅವರು ಉಣ್ಣುವ ತನಕ ಆ ವಿಡಿಯೋ ಹಚ್ಚಬೇಡಿ. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಅವಳ ದನಿ ಕೇಳಿದ ಮೇಲೂ ಉಣ್ಣುವುದಿಲ್ಲ.

ಇಂತಿ,
ಸುಹಾಸಿನಿ