ಕಾರ್ನೋರಿಗೆ ಬಡಿಸಿದ ದಿನ

ಗುತ್ತಿಗಾರು,
2 ಆಗಸ್ಟ್ 2025

ಪ್ರೀತಿಯ ಅಣ್ಣಾ,

ಹೇಗಿದ್ದೀ? ಹುಬ್ಬಳ್ಳಿಯ ಹೋಟೆಲಿನ ಒಲೆಯ ಮುಂದೆ ನಿಂತೂ ನಿಂತೂ ಬೆನ್ನುನೋವು ಹೆಚ್ಚಾಗಿಲ್ಲ ತಾನೆ? ಅಮ್ಮನ ಮಂಡಿನೋವು ಹಾಗೆಯೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಫೋನಿನಲ್ಲಿ ಅಪ್ಪನ ಸುದ್ದಿ ಬಂದರೆ ಸಾಕು, "ಇಡ್ತೇನೆ ಮಾರಾಯ್ತಿ" ಅಂತ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ಪುತ್ತೂರಿನ ದರ್ಬೆಯಲ್ಲಿ ಜಸೀನಾ ಎಂಬ ಮನಸ್ಸಿನ ಡಾಕ್ಟ್ರ ಹತ್ತಿರ ಹೋಗುತ್ತಿದ್ದೇನೆ. ಬಾಗಿಲು ದಡಾರನೆ ಮುಚ್ಚಿದರೆ ಈ ವಯಸ್ಸಿನಲ್ಲೂ ನನ್ನ ಕೈಕಾಲು ತಣ್ಣಗಾಗುತ್ತದಲ್ಲ, ಅದಕ್ಕೆ. ತಲೆಗೆ ಅಂಟು ಹಚ್ಚಿ, ವಯರು ಸಿಕ್ಕಿಸಿ ಸಿನಿಮಾ ತೋರಿಸುತ್ತಾರೆ. ಮಿದುಳು ಶಾಂತವಾಗಿದ್ದರೆ ಚಿತ್ರ ಬೆಳಗುತ್ತದೆ, ಬೆದರಿದರೆ ಮಂಕಾಗುತ್ತದೆ; ನೋಡುತ್ತಾ ನೋಡುತ್ತಾ ಮಿದುಳು ತಣ್ಣಗಿರಲು ಕಲಿಯುತ್ತದಂತೆ. ಕರೆಂಟು ಕೊಡುವುದಲ್ಲ, ಹೆದರಬೇಡ. ವಾಪಸು ಬರುವಾಗ ಬಸ್ಸಿನಲ್ಲಿ ಜನ ನನ್ನ ಅಂಟುಮಂಡೆ ನೋಡುವುದನ್ನು ನೀನು ನೋಡಬೇಕು! ಸಿನಿಮಾ ಆದ ಮೇಲೆ ಮಾತು. ಹಿಂದೆ ಬರೀ ಮಾತಿಗೆ ಕೂತಾಗ ನಾಲಗೆಯೇ ಏಳುತ್ತಿರಲಿಲ್ಲ. ಈಗ ತಲೆ ತಣಿದ ಮೇಲೆ ಒಂದೊಂದಾಗಿ ಹೇಳಲು ಆಗುತ್ತಿದೆ. "ಅವಸರ ಇಲ್ಲ, ಎಷ್ಟು ಆಗ್ತದೋ ಅಷ್ಟೇ ಹೇಳಿ" ಅನ್ನುತ್ತಾರೆ. ಹೇಳಿದ್ದೆಲ್ಲ ನಿನ್ನ ಬಗ್ಗೆಯೇ. ಅಪ್ಪ ಕುಡಿದು ಬಂದು ನನ್ನ ಮೇಲೆ ಕೈ ಎತ್ತಿದಾಗಲೆಲ್ಲ ನೀನು ನನ್ನನ್ನು ಕೋಣೆಯಿಂದ ಹೊರಗೆ ನೂಕಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದೆ. ಪೆಟ್ಟೆಲ್ಲ ನಿನಗೆ. ಈಗ ನನಗೆ ಒಳ್ಳೆಯ ನಿದ್ದೆ ಬರುತ್ತದೆ ಅಣ್ಣಾ. ಎದ್ದ ಕೂಡಲೇ ನಾಚಿಕೆಯಾಗುತ್ತದೆ, ನಿನ್ನ ಪಾಲಿನದನ್ನೂ ನಾನೇ ಮಲಗಿ ಮುಗಿಸಿದೆನೇನೋ ಅಂತ.

ಆಟಿ ತಿಂಗಳಲ್ವಾ, ಮೊನ್ನೆ ಕಾರ್ನೋರಿಗೆ, ಮನೆಯ ತೀರಿಹೋದ ಹಿರಿಯರಿಗೆ, ಬಡಿಸಿದೆವು. ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ಅವರಿಗೂ ಒಂದು ಎಲೆ. ಕೋಳಿಸಾರು, ರೊಟ್ಟಿ, ಅಮ್ಮ ಹಟ ಹಿಡಿದು ಇಡಿಸಿದ ಬ್ರಾಂದಿ. ಸತ್ತವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ, ಪದ್ಧತಿಯಂತೆ ಎಲ್ಲರೂ ಹೊರಗೆ ನಿಂತೆವು. ಅದೇ ಕೋಣೆ, ಅದೇ ವಾಸನೆ, ನಾನು ನಿಂತದ್ದೂ ಅದೇ ಜಾಗ. ಒಳಗೆ ನೀನಿದ್ದೀ ಅಂತಲೇ ಅನ್ನಿಸಿತು. ನುಗ್ಗಿ ಬಾಗಿಲು ತೆರೆದುಬಿಟ್ಟೆ. "ಅವ್ರು ಉಂಡು ಆಗ್ಲಿಲ್ಲ, ಬಾಗಿಲು ಎಂತಕ್ಕೆ ತೆಗ್ದದ್ದು?" ಎಂದು ಅಮ್ಮ ಅತ್ತರು. ಹಿರಿಯರನ್ನು ಅರ್ಧ ಊಟದಲ್ಲಿ ಎಬ್ಬಿಸಿದವಳು ಅಂತ ಕುಟುಂಬದಲ್ಲೆಲ್ಲ ನನಗೆ ಹೆಸರಾಗಿದೆ. ಅಮ್ಮನ ಮುಖ ನೋಡುವಾಗ ಸಂಕಟವಾಗುತ್ತದೆ. ಆದರೆ ಇಷ್ಟು ವರ್ಷ ತಡವಾಗಿ ತೆರೆದೆನಲ್ಲ ಎನ್ನುವ ಸಂಕಟ ಅದಕ್ಕಿಂತ ದೊಡ್ಡದು.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದವೂ ಇದರಲ್ಲಿದೆ.

ನಿನ್ನ ತಂಗಿ,
ಭವಿತಾ

ಮರೆತಿದ್ದೆ: ಪುನಃ ಬಡಿಸಬೇಕು, ಮಗ ಹರಿಪ್ರಸಾದನೇ ಬರಬೇಕು ಎಂದು ಅಮ್ಮ ನಿನಗೆ ಫೋನು ಮಾಡುತ್ತಾರೆ. ಅದಕ್ಕೆ ಬರಬೇಡ. ದರ್ಬೆಗೆ ಬಾ. ಡಾಕ್ಟ್ರಿಗೆ ನಿನ್ನ ಹೆಸರು ಹೇಳಿಟ್ಟಿದ್ದೇನೆ, ಬೈಯಬೇಡ. ಬೇಕಾದರೆ ಜೊತೆಗೆ ಒಬ್ಬರು ಕೂರಬಹುದಂತೆ. ಈ ಸಲ ಬಾಗಿಲು ಮುಚ್ಚುವಾಗ ನಾನೂ ಒಳಗೇ ಇರುತ್ತೇನೆ.