ಆರಿದ ಮೇಲೆ ಎಲ್ಲ ಸರಿ

ಮಾರ್ಚ್ 3, ಸೋಮವಾರ

ಎರಡು ಬ್ರೇಕ್ ಕೆಲಸ, ಒಂದು ಕ್ಲಚ್. ಊಟಕ್ಕೆ ಕೂರುವ ಹೊತ್ತಿಗೆ ನರ್ಸಮ್ಮನ ಬಿಳಿ ಕಾರು ಬಂತು — ತಾನಾಗಿ ಅಲ್ಲ, ಹಗ್ಗ ಕಟ್ಟಿಸಿಕೊಂಡು, ಹಾಲಿನ ವ್ಯಾನಿನ ಹಿಂದೆ. ಎರಡನೇ ಸಲ. ದೂರು ಅದೇ. ಬೆಳಿಗ್ಗೆ ಕೀಲಿ ಮುಟ್ಟಿದರೆ ಸಾಕು, ಸ್ಟಾರ್ಟ್. ಊರೆಲ್ಲ ಓಡುತ್ತದೆ. ಯಾವುದೋ ಬಸುರಿಯ ಮನೆ ಮುಂದೆ ಆಫ್ ಮಾಡಿ, ಒಳಗೆ ಹೋಗಿ ಬಂದು ತಿರುಗಿಸಿದರೆ — ಸೆಲ್ಫ್ ಗರಗರ ಅನ್ನುತ್ತದೆ, ಎಂಜಿನ್ ಜಪ್ಪಯ್ಯ ಅಂದರೂ ಏಳುವುದಿಲ್ಲ. ಒಂದು ಗಂಟೆ ಬಿಟ್ಟರೆ ಏನೂ ಆಗದವರ ಹಾಗೆ ಹೊರಡುತ್ತದೆ.

ಬಾನೆಟ್ಟಿಗೆ ಕೈ ಹಾಕಿದೆ. ಬೆನ್ನ ಹಿಂದೆ ಅಪ್ಪ.

"ಪುಟ್ಟಿ, ಕೈ ತೆಗಿ. ಆರ್ಲಿ ಮೊದ್ಲು."

ನಮ್ಮ ಗ್ಯಾರೇಜಿಗೆ ಇರುವುದು ಒಂದೇ ಕಾನೂನು. ಬಿಸಿ ಎಂಜಿನ್ ಮುಟ್ಟುವಂತಿಲ್ಲ. ನಾನು ಚಿಕ್ಕವಳಿದ್ದಾಗ ರೇಡಿಯೇಟರ್ ಮುಚ್ಚಳ ಹಾರಿ, ಆವಿ ಹೊಡೆದು ಅಪ್ಪನ ಎಡಗಣ್ಣು ಹೋಯಿತು. ಅಂದಿನಿಂದ ಬಿಸಿ ಗಾಡಿ ಬಂದರೆ ಸೀದಾ ಮರದ ನೆರಳಿಗೆ. ಮುಟ್ಟುವುದು ಮರುದಿನ. ಬೇರೆ ಗ್ಯಾರೇಜಿನವರು ನಗುತ್ತಾರೆ. ನಗಲಿ. ಅಪ್ಪನ ಸುಟ್ಟ ಕೆನ್ನೆಯನ್ನು ದಿನಾ ನೋಡುವವಳು ನಾನು.

ಆದರೆ ಈ ಕಾರು ಬೇಗ ಸರಿಹೋಗಬೇಕು. ಅಕ್ಕನಿಗೆ ದಿನ ತುಂಬುತ್ತಿದೆ. ಎರಡು ಸಲ ತೊಟ್ಟಿಲು ಇಳಿಸಿ, ಎರಡು ಸಲವೂ ಹಾಗೇ ಅಟ್ಟಕ್ಕೆ ಹಾಕಿದ್ದೇವೆ. ಕಳೆದ ಸಲ ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಗಾಗಿ ಈ ಸಲ ನೋವು ಶುರುವಾದ ಕೂಡಲೇ ನರ್ಸಮ್ಮ ಬರುವುದು, ತನ್ನ ಕಾರಿನಲ್ಲೇ ಸೇತುವೆಯಾಚೆಯ ಆಸ್ಪತ್ರೆಗೆ ಕರೆದೊಯ್ಯುವುದು ಎಂದು ಮಾತಾಗಿದೆ. ಅವರಿಲ್ಲದೆ ಹೊಸಲು ದಾಟುವುದಿಲ್ಲ ಎಂದು ಅಕ್ಕನ ಹಟ. ತೊಟ್ಟಿಲ ಮಾತು ಯಾರೂ ಎತ್ತಿಲ್ಲ.

ಮಾರ್ಚ್ 4

ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಪಾಪದ್ದರ ಹಾಗೆ ಗುರುಗುಡುತ್ತಾ ನಿಂತಿದೆ. ಪ್ಲಗ್ ಬದಲಿಸಿದೆ. ಪೆಟ್ರೋಲ್ ಫಿಲ್ಟರ್ ಬದಲಿಸಿದೆ. ಬ್ಯಾಟರಿ ಗಟ್ಟಿಮುಟ್ಟು. ಅಪ್ಪ ಒಂದು ಸುತ್ತು ಹೊಡೆದು ಬಂದು, "ಏನೂ ಇಲ್ಲ ಇದಕ್ಕೆ," ಅಂದ.

ನರ್ಸಮ್ಮ ಕೀಲಿ ತಗೊಂಡು ಹೋದರು. ನನ್ನ ಮುಖ ನೋಡಿದ ರೀತಿ ಸರಿ ಇರಲಿಲ್ಲ.

ಮಾರ್ಚ್ 8, ಶನಿವಾರ

ಇವತ್ತು ಹಗ್ಗವಿಲ್ಲದೆ ಬಂದರು. ಎಂಜಿನ್ ಓಡುತ್ತಿದ್ದ ಹಾಗೇ ಇಳಿದರು.

"ಆಫ್ ಮಾಡಿ ನರ್ಸಮ್ಮ."

"ಮಾಡಲ್ಲಮ್ಮ. ಆಫ್ ಮಾಡಿದ್ರೆ ನಿಮ್ಮಪ್ಪ ನೆರಳಲ್ಲಿ ಮಲಗಿಸ್ತಾರೆ."

ಈ ವಾರವೆಲ್ಲ ಹೀಗೇ ಅಂತೆ. ನಿನ್ನೆ ಒಂದು ಮನೆಯಲ್ಲಿ ಹೆರಿಗೆ ಮುಗಿಯುವ ತನಕ ಕಾರು ಬಾಗಿಲಲ್ಲಿ ಓಡುತ್ತಲೇ ಇತ್ತಂತೆ. "ಆ ಮನೆ ಅಜ್ಜಿ ಕೇಳಿದ್ರು ಕಣೇ — ಏನಮ್ಮಾ, ಕೆಲಸ ಕೆಟ್ರೆ ಓಡಿಹೋಗೋ ಪ್ಲಾನಾ ಅಂತ!" ನಕ್ಕರು. ನಾನೂ ನಕ್ಕೆ. ಆಮೇಲೆ ನಗು ನಿಲ್ಲಿಸಿ, "ನಿಮ್ಮಕ್ಕನಿಗೋಸ್ಕರ ಕೇಳ್ತಿದೀನಿ. ಈ ಗಾಡಿ ನಂಬಬಹುದಾ, ಬೇಡ್ವಾ? ಬಾಯಿ ಬಿಟ್ಟು ಹೇಳು."

ನಾಳೆ ಗಾಡಿ ಇಲ್ಲೇ ಬಿಡಿ ಅಂದೆ, ಅಷ್ಟೇ.

ಸಂಜೆ ಕೈ ತೊಳೆಯುವಾಗ ಹೊಳೆಯಿತು. ಸೋಪು ಕೈಯಲ್ಲೇ ಇತ್ತು, ಹಾಗೇ ನಿಂತುಬಿಟ್ಟೆ. ಈ ರೋಗ ಇರುವುದೇ ಬಿಸಿಯಲ್ಲಿ. ನಾವು ಪ್ರತಿ ಸಲ ಆರಿಸಿ, ರೋಗ ಓಡಿಹೋದ ಮೇಲೆ ನಾಡಿ ಹಿಡಿಯುತ್ತಿದ್ದೇವೆ. ಜ್ವರ ಇಳಿಯಲಿ, ಆಮೇಲೆ ಜ್ವರ ನೋಡೋಣ ಎನ್ನುವ ಡಾಕ್ಟರು ನಾವು! ನಮ್ಮ ಕಾನೂನೇ ಅದನ್ನು ಬಚ್ಚಿಡುತ್ತಿದೆ.

ಅಪ್ಪನಿಗೆ ಹೇಗೆ ಹೇಳುವುದು…

ಮಾರ್ಚ್ 9, ಭಾನುವಾರ

ಹೇಳಿದೆ.

"ಒಂದು ಕಣ್ಣು ಸಾಲ್ದಾ ಈ ಮನೇಲಿ? ನಿಂದೂ ಹೋಗ್ಬೇಕಾ?"

"ರೇಡಿಯೇಟರ್ ಮುಟ್ಟಲ್ಲಪ್ಪ. ಅದರ ಕಡೆ ತಿರುಗಿಯೂ ನೋಡಲ್ಲ."

ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಂಡ.

ನನಗೂ ಸಿಟ್ಟು ಬಂದಿತ್ತು. ಕಾರು ತೆಗೆದುಕೊಂಡು ಏರು ರಸ್ತೆಯಲ್ಲಿ ಬೇಕೆಂದೇ ಮೇಲೆ ಕೆಳಗೆ ಓಡಿಸಿದೆ. ಗ್ಯಾರೇಜಿಗೆ ತಂದು ನಿಲ್ಲಿಸಿದೆ. ಆಫ್ ಮಾಡಿದ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಇನ್ನೂ ಬಿಸಿಯೇರುತ್ತದೆ — ಗಾಳಿಯಿಲ್ಲ, ನೀರು ಓಡುವುದಿಲ್ಲ, ಒಳಗಿನ ಕಾವೆಲ್ಲ ಹೊರಗೆ ಬರುತ್ತದೆ. ಕಾದೆ. ಕೀಲಿ ತಿರುಗಿಸಿದೆ. ಇಲ್ಲ! ಯಾವ ಗಾಡಿ ಸ್ಟಾರ್ಟ್ ಆಗದಿದ್ದುದಕ್ಕೂ ಇಷ್ಟು ಖುಷಿಯಾಗಿರಲಿಲ್ಲ.

ಬಾನೆಟ್ ಎತ್ತಿದೆ. ಮುಖಕ್ಕೆ ಕಾವು. ಪೆಟ್ರೋಲ್ ಬರುತ್ತಿದೆ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಇಲ್ಲ. ಒಂದೂ ಇಲ್ಲ. ಕಿಡಿ ಬೇಕಾದರೆ ಎಂಜಿನ್ ತಿರುಗುತ್ತಿದೆ ಎಂದು ಯಾರಾದರೂ ಹೇಳಬೇಕು. ಹೇಳುವುದು ಒಂದು ಹೆಬ್ಬೆರಳಿನಷ್ಟು ಸೆನ್ಸರ್, ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಕೂತಿರುತ್ತದೆ. ವೈರ್ ಬಿಚ್ಚಿ ಮೀಟರ್ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಎಲ್ಲಕ್ಕೂ ಮೀಟರ್ ಹಿಡಿದು ನೋಡಿದ್ದೆ; ಆಗ ಇದೇ ಸೆನ್ಸರಿಗೆ ಮುಳ್ಳು ಸರಿಯಾಗಿ ಎದ್ದು ನಿಂತಿತ್ತು.

ಪಕ್ಕದಲ್ಲಿ ಯಾರೋ ಉಸಿರುಬಿಟ್ಟ ಸದ್ದು. ಅಪ್ಪ. ಕೈಯಲ್ಲಿ ಚೊಂಬು, ಉದ್ದ ಮೂತಿಯ ಆಲಿಕೆ, ಗ್ರೈಂಡಿಂಗಿಗೆ ಹಾಕುವ ನನ್ನ ಕನ್ನಡಕ.

"ಹಾಕ್ಕೋ. ನೀರು ಸೆನ್ಸರ್ ಮೇಲೆ ಮಾತ್ರ. ಪೈಪಿಗೆ ಒಂದು ಹನಿ ಬಿದ್ರೂ ಆವಿ ಮುಖಕ್ಕೆ ಹೊಡೆಯತ್ತೆ." ಅಷ್ಟು ಹೇಳಿ ಗೋಡೆಯ ತನಕ ಹಿಂದೆ ಹೋಗಿ, ಆ ಕಡೆ ಮುಖ ಮಾಡಿ ನಿಂತ.

ಅರ್ಧ ಚೊಂಬು ಸುರಿದೆ. ವೈರ್ ಸಿಕ್ಕಿಸಿದೆ. ಕೀಲಿ ತಿರುಗಿಸಿದೆ.

ಸ್ಟಾರ್ಟ್.

ಏನು ಬರೆಯಲಿ… ಇಡೀ ಕಾರು, ಅಷ್ಟು ಕಬ್ಬಿಣ, ಅರ್ಧ ಚೊಂಬು ನೀರಿಗೆ ಎದ್ದು ಕೂತಿತು! ಆ ಸೆನ್ಸರಿನ ಒಳಗೆ ಕೂದಲಿಗಿಂತ ತೆಳು ತಾಮ್ರದ ತಂತಿ ಸುತ್ತಿರುತ್ತದೆ. ಎಲ್ಲೋ ಒಂದು ಕಡೆ ತುಂಡಾಗಿರಬೇಕು. ತಣ್ಣಗಿದ್ದಾಗ ಎರಡು ತುದಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಬಿಸಿಗೆ ಎಲ್ಲ ಹಿಗ್ಗಿ, ತುದಿಗಳು ದೂರ ಸರಿಯುತ್ತವೆ. ಎಷ್ಟು ದೂರ? ಕಣ್ಣಿಗೆ ಕಾಣದಷ್ಟು. ಆ ಸಂದಿಯಲ್ಲಿ ಬಿದ್ದು ನರ್ಸಮ್ಮ ಇಷ್ಟು ದಿನ ಬೀದಿಬೀದಿಯಲ್ಲಿ ನಿಂತದ್ದು.

ಅಪ್ಪ ಗೋಡೆಯಿಂದ ತಿರುಗಿದ್ದ. ಒಳ್ಳೆ ಕಣ್ಣು ಅಗಲವಾಗಿತ್ತು.

"ಇನ್ನೊಂದ್ಸಲ ಮಾಡು," ಅಂದ.

ಮತ್ತೆ ಬಿಸಿ ಮಾಡಿ, ಮತ್ತೆ ಸುರಿದೆ. ಮತ್ತೆ ಸ್ಟಾರ್ಟ್. ಮಧ್ಯಾಹ್ನದ ತನಕ ಇಬ್ಬರೂ ಮಕ್ಕಳ ಹಾಗೆ ಅದನ್ನೇ ಆಡಿದೆವು. ಊಟ ಆರಿಹೋಯಿತು ಎಂದು ಅಕ್ಕ ಕಿಟಕಿಯಿಂದ ಬೈದಳು.

ಮಾರ್ಚ್ 11

ಹೊಸ ಸೆನ್ಸರ್ ಬಂತು. ಬೇರೆ ಮಾಡೆಲಿನದು. ಅಂಗಡಿಯವನಿಗೆ ಫೋನಿನಲ್ಲೇ ಮಂಗಳಾರತಿ ಮಾಡಿದೆ. ಸರಿಯಾದದ್ದು ಶುಕ್ರವಾರ ಅಂತೆ. ಅಲ್ಲಿಯ ತನಕ ಆಫ್ ಮಾಡಬೇಡಿ ಎಂದು ನರ್ಸಮ್ಮನಿಗೆ ಹೇಳಿ ಕಾರು ಕೊಟ್ಟೆ. ಚೊಂಬು, ಆಲಿಕೆ, ಒಂದು ಬಾಟಲಿ ನೀರು ಡಿಕ್ಕಿಯಲ್ಲಿಟ್ಟೆ.

ಅಕ್ಕನ ಕಾಲು ಊದಿದೆ.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ. ಆಸ್ಪತ್ರೆ

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ಅಕ್ಕನಿಗೆ ನೋವು. ಫೋನ್ ಮಾಡಿದೆ. ನರ್ಸಮ್ಮ ಊರಿನ ಆ ತುದಿಯಲ್ಲಿದ್ದರು, ಬಂದರು. ಕಾರನ್ನು ಗೇಟಿನಲ್ಲಿ ಓಡುತ್ತಲೇ ಬಿಟ್ಟು ಒಳಗೆ ಓಡಿದರು. ಅಕ್ಕನ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೇಳಿದರು. ಇನ್ನೊಂದು ಜಾಗದಲ್ಲಿ ಇಟ್ಟು ಕೇಳಿದರು. ಮುಖ ಬದಲಾಯಿತು.

"ಮಗು ಎದೆಬಡಿತ ಇಳೀತಿದೆ. ಏಳಮ್ಮ. ಈಗ್ಲೇ ಹೋಗ್ಬೇಕು."

ಅಕ್ಕನನ್ನು ಹಿಡಿದು ಹೊರಗೆ ತಂದೆವು. ಗೇಟು ತಲುಪಿದಾಗ ಗೊತ್ತಾಯಿತು — ಸದ್ದಿಲ್ಲ.

ಭಾವ ಕಾರಿನ ಪಕ್ಕ ನಿಂತಿದ್ದರು. ಅಕ್ಕನ ಗಂಡ, ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗಿದರೂ ಹೊಟ್ಟೆ ಉರಿಯುವ ಮನುಷ್ಯ. ಕೀಲಿ ಕೈಯಲ್ಲಿತ್ತು.

"ಸುಮ್ನೆ ಓಡ್ತಿತ್ತು… ಪೆಟ್ರೋಲ್ ದಂಡ ಅಂತ…"

ಯಾರೂ ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ನರ್ಸಮ್ಮ ಕೀಲಿ ಕಿತ್ತುಕೊಂಡು ತಿರುಗಿಸಿದರು. ಗರಗರ. ಮತ್ತೆ ಗರಗರ. ಅಕ್ಕನ ಜೊತೆ ಹಿಂದಿನ ಸೀಟಿಗೆ ಹತ್ತಿದ್ದ ನಾನು ಇಳಿಯಲು ಹೋದೆ. ಅಕ್ಕ ಎರಡೂ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದಿದ್ದಳು. ಬಿಡಿಸಿಕೊಳ್ಳಲಾಗಲಿಲ್ಲ. "ಹೋಗ್ಬೇಡ ಕಣೇ, ಹೋಗ್ಬೇಡ," ಅನ್ನುತ್ತಿದ್ದಳು.

ಡಿಕ್ಕಿ ತೆರೆದ ಸದ್ದು. ಆಮೇಲೆ ಬಾನೆಟ್ ಎದ್ದಿತು.

ಅಪ್ಪ.

ಗಾಜಿನ ಕೆಳಗಿನ ಸಂದಿಯಲ್ಲಿ ಅವನ ಕೈ ಮಾತ್ರ ಕಾಣುತ್ತಿತ್ತು. ಆಲಿಕೆ ಹಿಡಿದ ಕೈ, ಚೊಂಬು ಹಿಡಿದ ಕೈ. ಅದೆಷ್ಟು ನಡುಗುತ್ತಿತ್ತು! ಕನ್ನಡಕ ಮನೆಯೊಳಗೆ ಉಳಿದಿತ್ತು. ಉಳಿದ ಒಂದೇ ಕಣ್ಣನ್ನು ಆ ಕಾವಿಗೆ ಬಗ್ಗಿಸಿ ಇಟ್ಟಿದ್ದ. ಚುಸ್ ಎಂದು ಬಿಳಿ ಆವಿ ಎದ್ದಿತು. ನಾನು ಕೂಗಿದೆ. ಕೈ ಹಿಂದೆ ಸರಿಯಲಿಲ್ಲ. ನೀರು ಸಣ್ಣಗೆ ಬೀಳುತ್ತಲೇ ಇತ್ತು.

"ತಿರುಗ್ಸಿ!"

ಸ್ಟಾರ್ಟ್ ಆಯಿತು.

ಬಾನೆಟ್ ಬಿತ್ತು. ಅಪ್ಪ ನಿಂತಿದ್ದ, ಮುಖವೆಲ್ಲ ನೀರು, ಕಣ್ಣು ತೆರೆದೇ ಇತ್ತು. ಹೋಗಿ ಹೋಗಿ ಎಂದು ಕೈ ಬೀಸಿದ. ಅಪ್ಪನ ಬಗ್ಗೆ ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ಏನೂ ಗೊತ್ತಿರಲಿಲ್ಲ.

ಸೇತುವೆ ಹೇಗೆ ದಾಟಿದೆವೋ ನೆನಪಿಲ್ಲ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತಂತೆ. ಕೊಯ್ದು ತೆಗೆದರು. ಮೊದಲು ಅಳಲಿಲ್ಲ. ಬಾಗಿಲಾಚೆ ನಿಂತು ಕೇಳುತ್ತಿದ್ದೆ, ಏನೂ ಇಲ್ಲ, ಏನೂ ಇಲ್ಲ — ಆಮೇಲೆ ಒಂದು ಸಣ್ಣ ಕೆಮ್ಮು. ಆಮೇಲೆ ಆಸ್ಪತ್ರೆ ಹಾರಿಹೋಗುವ ಹಾಗೆ ಅಳು.

ಹೆಣ್ಣು.

ಸಂಜೆ

ಅಕ್ಕ ಮಲಗುತ್ತಿಲ್ಲ. ಹೊಲಿಗೆಯ ನೋವಿಗೆ ಪಕ್ಕಕ್ಕೆ ಹೊರಳಲಾಗದು, ಆದ್ದರಿಂದ ನನ್ನನ್ನು ಕೇಳುತ್ತಾಳೆ. "ಉಸಿರಾಡ್ತಿದೆಯಾ ನೋಡೇ." ಹೋಗಿ ನೋಡುತ್ತೇನೆ. ಆಡ್ತಿದೆ ಅಕ್ಕ. ಬಂದು ಕೂತು ಒಂದು ಸಾಲು ಬರೆಯುವಷ್ಟರಲ್ಲಿ ಮತ್ತೆ — "ನೋಡೇ." ಬೇಸರವಾಗುತ್ತಿಲ್ಲ. ಪ್ರತಿ ಸಲವೂ ಬಗ್ಗಿ ನೋಡುತ್ತೇನೆ, ಪ್ರತಿ ಸಲವೂ ಆ ಎದೆ, ನನ್ನ ಅಂಗೈಯಷ್ಟೂ ಇಲ್ಲ, ಏಳುತ್ತದೆ, ಇಳಿಯುತ್ತದೆ. ಯಾರೂ ಕೀಲಿ ತಿರುಗಿಸದೆ.

ಅಪ್ಪ ಫೋನ್ ಮಾಡಿದ್ದ. ಅಟ್ಟದ ಮೇಲೆ ಏನೋ ಎಳೆದಾಡುವ ಸದ್ದು ಕೇಳುತ್ತಿತ್ತು.

ಮತ್ತೆ ಕರೆಯುತ್ತಿದ್ದಾಳೆ. ಬಂದೆ ಅಕ್ಕ. ಈ ಸಲ ನಿನ್ನ ತೋಳಿಗೇ ತಂದು ಕೊಡುತ್ತೇನೆ, ನೀನೇ ನೋಡು, ಉಸಿರಾಡ್ತಿದೆ.