ಏಣಿ ಹತ್ತದವಳ ಉತ್ತರ

ದಂಡಿನಶಿವರ, ಸೋಮವಾರ

ಡಾಕ್ಟರಮ್ಮನವರಿಗೆ ಮಂಗಳಾಳ ನಮಸ್ಕಾರ.

ನಿಮ್ಮ ಆಸ್ತಮಾ ಪ್ರಶ್ನಾವಳಿಯಲ್ಲಿ 'ಮೆಟ್ಟಿಲು, ಏಣಿ ಹತ್ತುವಾಗ ಉಬ್ಬಸ ಬರುತ್ತದೆಯೇ?' ಎಂಬುದಕ್ಕೆ ನಾನು 'ಇಲ್ಲ' ಎಂದು ಗುರುತು ಹಾಕಿದ್ದೆ. ಗುಣ ಕಂಡಿದೆ ಎಂದು ನೀವು ಬಾಯಿಗೆ ಎಳೆದುಕೊಳ್ಳುವ ಪಂಪನ್ನು ದಿನಕ್ಕೆ ಎರಡು ಹೊತ್ತಿನಿಂದ ಒಂದೇ ಹೊತ್ತಿಗೆ ಇಳಿಸಿದಿರಿ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಾನು ಸುಳ್ಳು ಬರೆದಿಲ್ಲ. ಕೊಬ್ಬರಿ ಅಟ್ಟ ಹತ್ತುವುದನ್ನು ಬಿಟ್ಟೇ ವರ್ಷವಾಯಿತು. ಹತ್ತದವಳಿಗೆ ಉಬ್ಬಸ ಎಲ್ಲಿಂದ ಬರಬೇಕು? ಅದನ್ನು ಬರೆಯಲು ಹಾಳೆಯಲ್ಲಿ ಜಾಗವೇ ಇರಲಿಲ್ಲ.

"ಧೂಳು ಕಣೇ, ನೀನು ಹತ್ತಬ್ಯಾಡ ಬುಡು" ಎಂದು ಎಪ್ಪತ್ತು ವರ್ಷದ ನಮ್ಮತ್ತೆಯೇ ಹತ್ತುತ್ತಾರೆ. ನಾನು ಕೆಳಗೆ ಏಣಿ ಹಿಡಿದು ನಿಲ್ಲುತ್ತೇನೆ. ನಿನ್ನೆ ಕೆಮ್ಮು ಬಂದು ಕೈ ಬಿಟ್ಟೆ. ಏಣಿ ಜಾರಿತು. ಅತ್ತೆ ತೊಲೆ ಹಿಡಿದುಕೊಂಡು ಉಳಿದರು.

ದಯವಿಟ್ಟು ಆ ಉತ್ತರ ತಿದ್ದಿಕೊಳ್ಳಿ. ಕಡೆಯಲ್ಲಿ 'ಭಯವಾಗುತ್ತದೆಯೇ?' ಎಂದು ಕೇಳಿದ್ದಿರಿ. ಅಲ್ಲಿಯೂ 'ಇಲ್ಲ' ಎಂದಿದ್ದೇನೆ. ಅದನ್ನೂ ತಿದ್ದಿ.

ಇಂತಿ,
ನಿಮ್ಮ ಪಟ್ಟಿಯ ನಲವತ್ತೊಂದನೇ ನಂಬರಿನ
ಮಂಗಳಾ